ಬೆಕ್ಕಿಗೆ ಮೈಯಲ್ಲಿ ಹುಷಾರಿಲ್ಲವೇ? ಔಷಧ ಅಂಗಡಿಯ ಮುಂದೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯ ನವನಗರದಲ್ಲಿ 22 ವರ್ಷಗಳಿಂದ ಔಷಧ ಅಂಗಡಿ ನಡೆಸುತ್ತಿದ್ದೇನೆ. ಮನುಷ್ಯರ ಔಷಧದ ಅಂಗಡಿ. ಆದರೆ ನಮ್ಮ ಮನೆಯಲ್ಲಿ ಮೂರು ಬೆಕ್ಕುಗಳಿವೆ ಎಂಬ ಸುದ್ದಿ ಹಬ್ಬಿದ ಮೇಲೆ, ಬಿ.ಪಿ. ಗುಳಿಗೆಗೆಂದು ಬಂದವರೂ ಹೊರಡುವ ಮುನ್ನ ‘ಅಕ್ಕಾ, ಇನ್ನೊಂದು ಮಾತು’ ಎಂದು ತಮ್ಮ ಬೆಕ್ಕಿನ ಕಥೆ ಬಿಚ್ಚುತ್ತಾರೆ. ನಾನು ಪಶುವೈದ್ಯೆಯಲ್ಲ. ರೋಗ ಗುರುತಿಸುವುದು, ಔಷಧದ ಪ್ರಮಾಣ ಹೇಳುವುದು ಅವರ ಕೆಲಸ. ಯಾವಾಗ ಓಡಬೇಕು, ಏನನ್ನು ಕೊಡಲೇಬಾರದು, ಯಾವುದನ್ನು ಮೊದಲೇ ತಡೆಯಬಹುದು ಎಂಬಷ್ಟನ್ನು ಇಲ್ಲಿ ಬರೆದಿದ್ದೇನೆ.

ಬೆಕ್ಕಿನ ಮೈ ಬಿಸಿಯಾಗಿದೆ. ಅರ್ಧ ಜ್ವರದ ಗುಳಿಗೆ ಕೊಡಲೇ?

ಬೇಡ. ಕಾಲು ಭಾಗವೂ ಬೇಡ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ನಮ್ಮ ಯಕೃತ್ತು ಅದನ್ನು ಪಳಗಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಆ ಕೆಲಸಕ್ಕೆ ಬೇಕಾದ ಕಿಣ್ವ ಬೆಕ್ಕಿನಲ್ಲಿ ಸಾಕಷ್ಟಿಲ್ಲ. ಹೊರಹೋಗದೆ ಉಳಿದದ್ದು ರಕ್ತದ ಕೆಂಪು ಕಣಗಳನ್ನು ಕೆಡಿಸುತ್ತದೆ, ಅವು ಆಮ್ಲಜನಕ ಹೊರಲಾರದಂತಾಗುತ್ತವೆ. ಮುಖ ಮತ್ತು ಪಾದ ಬಾತುಕೊಳ್ಳುತ್ತವೆ, ಒಸಡು ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ, ಮೂತ್ರ ಕಪ್ಪಾಗುತ್ತದೆ, ಏದುಸಿರು ಬರುತ್ತದೆ. 500 ಮಿಲಿಗ್ರಾಂನ ಒಂದು ಗುಳಿಗೆ ಬೆಳೆದ ಬೆಕ್ಕಿನ ಪ್ರಾಣ ತೆಗೆಯಲು ಸಾಕು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಗುಳಿಗೆಗಳೂ ಬೇಡ. ಅವು ಮೂತ್ರಪಿಂಡಕ್ಕೂ ಕರುಳಿಗೂ ಹಾನಿ ಮಾಡುತ್ತವೆ.

ಈಗಾಗಲೇ ಕೊಟ್ಟಾಗಿದ್ದರೆ ನಾಚಿಕೊಂಡು ಮುಚ್ಚಿಡಬೇಡಿ. ಎಷ್ಟು ಕೊಟ್ಟಿರಿ, ಎಷ್ಟು ಹೊತ್ತಿಗೆ ಕೊಟ್ಟಿರಿ ಎಂದು ವೈದ್ಯರಿಗೆ ಹೇಳಿ, ಗುಳಿಗೆಯ ಪಟ್ಟಿಯನ್ನೂ ಒಯ್ಯಿರಿ. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ. ಮೊದಲ ಕೆಲವು ಗಂಟೆಗಳಲ್ಲಿ ಸಿಕ್ಕರೆ ಬೆಕ್ಕು ಬದುಕುವ ಸಂಭವ ಹೆಚ್ಚು.

ಇನ್ನೊಂದು ಸಂಗತಿ. ಬೆಕ್ಕಿನ ಮೈ ನಮ್ಮ ಮೈಗಿಂತ ಸಹಜವಾಗಿಯೇ ಬಿಸಿ, ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಕಿವಿ ಮುಟ್ಟಿ ನೋಡಿ ‘ಜ್ವರ’ ಎಂದು ಅಂಗಡಿಗೆ ಬರುವವರ ಬೆಕ್ಕಿಗೆ ಎಷ್ಟೋ ಸಲ ಜ್ವರವೇ ಇರುವುದಿಲ್ಲ. ಮೂಗು ಒಣಗಿದೆಯೇ, ಒದ್ದೆಯಿದೆಯೇ ಎಂಬುದರಿಂದಲೂ ಏನೂ ತಿಳಿಯುವುದಿಲ್ಲ.

ಹಾಗಾದರೆ ಹುಷಾರಿಲ್ಲ ಎಂದು ಗೊತ್ತಾಗುವುದು ಹೇಗೆ?

ಎಮ್ಮೆ ಮೇವು ಬಿಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ. ಬೆಕ್ಕು ಹಾಗಲ್ಲ, ನೋವನ್ನು ಬಚ್ಚಿಡುತ್ತದೆ. ಕೂಗುವುದಿಲ್ಲ, ನರಳುವುದಿಲ್ಲ, ಸುಮ್ಮನೆ ಜಾಗ ಬದಲಿಸುತ್ತದೆ. ಪಡಸಾಲೆಯಲ್ಲಿ ಮಲಗುತ್ತಿದ್ದದ್ದು ಜೋಳದ ಚೀಲಗಳ ಸಂದಿಗೋ ಮಂಚದ ಕೆಳಗೋ ಸೇರಿಕೊಂಡರೆ ಅದೇ ಮೊದಲ ಸೂಚನೆ. ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟು ಕೂದಲು ಜಡೆಗಟ್ಟುವುದು, ಮಾಳಿಗೆಗೆ ಜಿಗಿಯುತ್ತಿದ್ದದ್ದು ಮೆಟ್ಟಿಲು ಹತ್ತತೊಡಗುವುದು, ಕಣ್ಣಿನ ಒಳಮೂಲೆಯಿಂದ ಬಿಳಿ ಪೊರೆ ಮೇಲೆ ಬರುವುದು, ಇವೂ ಅಂಥವೇ.

ತುಟಿ ಎತ್ತಿ ಒಸಡು ನೋಡಿ. ತಿಳಿಗುಲಾಬಿ ಇರಬೇಕು. ಬಿಳಿಚಿದ್ದರೆ ರಕ್ತಹೀನತೆ, ಹಳದಿಯಿದ್ದರೆ ಕಾಮಾಲೆ, ನೀಲಿಯಿದ್ದರೆ ಒಂದು ನಿಮಿಷವೂ ಕಾಯಬಾರದು. ನಿದ್ದೆಯಲ್ಲಿದ್ದಾಗ ಪಕ್ಕೆ ಏರಿಳಿಯುವುದನ್ನು ಎಣಿಸಿ. ನಿಮಿಷಕ್ಕೆ 20ರಿಂದ 30 ಸಹಜ. ತಿಂಗಳಿಗೊಮ್ಮೆ ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಂತು ಕಳೆಯಿರಿ. ನಾಲ್ಕು ಕಿಲೋ ಬೆಕ್ಕು 400 ಗ್ರಾಂ ಇಳಿದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು 60 ಕಿಲೋ ಮನುಷ್ಯ ಆರು ಕಿಲೋ ಇಳಿದಂತೆ.

ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ವೈದ್ಯರನ್ನು ಕಾಣಿರಿ. ‘ಲಂಘನ ಪರಮೌಷಧ’ ಎಂಬ ಮಾತು ಬೆಕ್ಕಿಗೆ ಒಪ್ಪುವುದಿಲ್ಲ. ಅದರಲ್ಲೂ ದಪ್ಪಗಿರುವ ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಅಲ್ಲಿ ತುಂಬಿಕೊಳ್ಳುತ್ತದೆ. ಆಗ ಮೂಲರೋಗಕ್ಕಿಂತ ಇದೇ ದೊಡ್ಡದಾಗುತ್ತದೆ.

ಗಂಡು ಬೆಕ್ಕು ಪದೇ ಪದೇ ಉಸುಕಿನಲ್ಲಿ ಕುಳಿತು ತಿಣುಕುತ್ತಿದೆ. ಮಲಬದ್ಧತೆಗೆ ಏನು ಕೊಡಲಿ?

ಈ ಪ್ರಶ್ನೆ ಕಿವಿಗೆ ಬಿದ್ದರೆ ನಾನು ಕೈಯಲ್ಲಿದ್ದ ಕೆಲಸ ಬಿಡುತ್ತೇನೆ. ಅದು ಮಲಬದ್ಧತೆಯಲ್ಲದಿರುವ ಸಂಭವವೇ ಹೆಚ್ಚು. ಮೂತ್ರ ಕಟ್ಟಿರುತ್ತದೆ.

ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಸಣ್ಣದು. ಹರಳಿನ ಪುಡಿಯೋ ಲೋಳೆಯ ಬಿರಟೆಯೋ ಅಲ್ಲಿ ಸಿಕ್ಕಿಕೊಂಡರೆ ಹನಿ ಮೂತ್ರವೂ ಹೊರಬರುವುದಿಲ್ಲ. ಬೆಕ್ಕು ಕೂರುತ್ತದೆ, ಏಳುತ್ತದೆ, ಜನನಾಂಗ ನೆಕ್ಕಿಕೊಳ್ಳುತ್ತದೆ, ಒಂದು ಬಗೆಯಾಗಿ ಕೂಗುತ್ತದೆ. ಹೊಟ್ಟೆಯ ಕೆಳಭಾಗ ನಿಂಬೆಹಣ್ಣಿನಂತೆ ಗಟ್ಟಿಯಾಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತದೆ. ಪೂರ್ತಿ ಕಟ್ಟಿಕೊಂಡ ಬೆಕ್ಕಿಗೆ ಎರಡು ಮೂರು ದಿನಕ್ಕಿಂತ ಹೆಚ್ಚು ಆಯುಷ್ಯವಿಲ್ಲ. ವೈದ್ಯರು ಕೊಳವೆ ತೂರಿಸಿ ಬಿಡಿಸಬಲ್ಲರು.

ನಮ್ಮ ಗುಂಡನಿಗೆ ಹೀಗಾದಾಗ ನಾನು ಇಸಬಗೋಲು ಕುಡಿಸಿದ್ದೆ. ಬೆಳಿಗ್ಗೆ ನೋಡೋಣ ಎಂದು ಮಲಗಿದ್ದೆ. ಬೆಳಿಗ್ಗೆ ನೋಡಲು ಗುಂಡ ಇರಲಿಲ್ಲ. ಅಂಗಡಿಯಲ್ಲಿ ಕುಳಿತು ಊರಿಗೆಲ್ಲ ಬುದ್ಧಿ ಹೇಳುವವಳ ಮನೆಯಲ್ಲೇ ಹೀಗಾಯಿತು.

ತಡೆಯಬೇಕೆಂದರೆ ನೀರು ಮುಖ್ಯ. ಬೆಕ್ಕು ಮರುಭೂಮಿಯ ಪ್ರಾಣಿಯ ವಂಶ, ಬಾಯಾರಿಕೆ ಕಡಿಮೆ. ಬರೀ ಒಣ ಕಾಳಿನಂಥ ಆಹಾರ ತಿನ್ನುವ, ಮನೆ ಬಿಟ್ಟು ಕದಲದ ದಪ್ಪ ಗಂಡು ಬೆಕ್ಕಿಗೆ ಅಪಾಯ ಹೆಚ್ಚು. ಎರಡು ಮೂರು ಕಡೆ ಅಗಲ ಬಾಯಿಯ ಬಟ್ಟಲಲ್ಲಿ ನೀರಿಡಿ, ಊಟದ ತಟ್ಟೆಯಿಂದ ದೂರ ಇಡಿ, ಊಟಕ್ಕೆ ನೀರು ಬೆರೆಸಿ. ಗಾಬರಿಯೂ ಒಂದು ಕಾರಣ. ಮನೆ ಬದಲಾದರೆ, ಮನೆಗೆ ಹೊಸ ಬೆಕ್ಕು ಬಂದರೆ ಮೂತ್ರಕೋಶ ಊದಿಕೊಳ್ಳುವುದುಂಟು. ಆಲಮಟ್ಟಿ ಹಿನ್ನೀರು ಏರಿ ನಾವು ಹಳೆಯ ಊರು ಬಿಟ್ಟು ನವನಗರಕ್ಕೆ ಬಂದಾಗ ನಾಯಿ ಸಾಮಾನಿನ ಗಾಡಿಯ ಹಿಂದೆ ಓಡಿ ಬಂದಿತ್ತು. ಬೆಕ್ಕು ಬರಲಿಲ್ಲ. ಅದಕ್ಕೆ ಮನೆಯೆಂದರೆ ಗೋಡೆ, ನಾವಲ್ಲ.

ನಾಲ್ಕು ಮರಿಗಳು ವಾಂತಿ ಮಾಡಿ ಒಂದರ ಹಿಂದೊಂದು ಸತ್ತವು. ಪಕ್ಕದ ಮನೆಯವರು ವಿಷ ಹಾಕಿರಬಹುದೇ?

ಪಕ್ಕದ ಮನೆಯವರೊಂದಿಗೆ ಮಾತು ಬಿಡುವ ಮುನ್ನ ಇದನ್ನು ಓದಿ. ಪ್ಯಾನ್‌ಲ್ಯೂಕೋಪೇನಿಯಾ ಎಂಬ ಪಾರ್ವೊ ಜಾತಿಯ ವೈರಸ್ ಮರಿಗಳನ್ನು ಥೇಟ್ ಹೀಗೆಯೇ ಕೊಲ್ಲುತ್ತದೆ. ಜ್ವರ, ವಾಂತಿ, ನಾರುವ ಭೇದಿ. ನೀರಿನ ಬಟ್ಟಲ ಮೇಲೆ ತಲೆ ಬಾಗಿಸಿ ಕೂತಿರುತ್ತದೆ, ಕುಡಿಯುವುದಿಲ್ಲ. ಕೆಲವು ಮರಿಗಳು ಯಾವ ಲಕ್ಷಣವನ್ನೂ ತೋರಿಸದೆ ಒಂದೇ ರಾತ್ರಿಯಲ್ಲಿ ಹೋಗಿಬಿಡುತ್ತವೆ. ವೈರಸ್ ಬಿಳಿ ರಕ್ತಕಣಗಳನ್ನೂ ಕರುಳಿನ ಒಳಪದರವನ್ನೂ ನಾಶ ಮಾಡುತ್ತದೆ. ಅದನ್ನೇ ಕೊಲ್ಲುವ ಔಷಧವಿಲ್ಲ. ಸಲೈನ್, ವಾಂತಿ ತಡೆಯುವ ಚುಚ್ಚುಮದ್ದು, ಬೇರೆ ಸೋಂಕು ತಗುಲದಂತೆ ಪ್ರತಿಜೀವಕ ಕೊಟ್ಟು ಮರಿಯನ್ನು ಆ ನಾಲ್ಕೈದು ದಿನ ದಾಟಿಸಬೇಕು. ಇದು ಮನುಷ್ಯರಿಗೆ ತಗುಲುವುದಿಲ್ಲ.

ವೈರಸ್ ನೆಲದಲ್ಲಿ, ಬುಟ್ಟಿಯಲ್ಲಿ, ಚಪ್ಪಲಿಯ ಅಡಿಯಲ್ಲಿ ಒಂದು ವರ್ಷದವರೆಗೆ ಜೀವ ಹಿಡಿದಿರಬಲ್ಲದು. ಸತ್ತ ಮರಿಯ ದುಃಖ ಮರೆಯಲು ಮುಂದಿನ ವಾರವೇ ಇನ್ನೊಂದು ಮರಿ ತಂದರೆ ಅದೂ ಹೋಗುತ್ತದೆ. ತರಲೇಬೇಕೆಂದರೆ ಲಸಿಕೆ ಮುಗಿದ ಬೆಕ್ಕನ್ನು ತನ್ನಿ.

ನೆಲಕ್ಕೆ ದಿನವೂ ಫಿನಾಯಿಲ್ ಹಾಕುತ್ತೇವೆ. ಸಾಲದೇ?

ಸಾಲದು ಎನ್ನುವುದಕ್ಕಿಂತ ಹಾಕಲೇಬಾರದು. ಫಿನಾಯಿಲ್‌ಗೆ ಈ ವೈರಸ್ ಬಗ್ಗುವ ಭರವಸೆಯಿಲ್ಲ. ಅದರ ಫೀನಾಲ್ ಅಂಶವನ್ನು ಬೆಕ್ಕು ಪ್ಯಾರಾಸಿಟಮಾಲ್‌ನಂತೆಯೇ ಅರಗಿಸಲಾರದು. ಒರೆಸಿದ ನೆಲದ ಮೇಲೆ ನಡೆದು ಆಮೇಲೆ ಪಾದ ನೆಕ್ಕಿಕೊಳ್ಳುತ್ತದೆ. ಮೊದಲು ಕೊಳೆ ತೊಳೆದು, ಬಟ್ಟೆಗೆ ಹಾಕುವ ದ್ರವರೂಪದ ಬ್ಲೀಚ್ ಒಂದು ಪಾಲಿಗೆ ಸುಮಾರು 30 ಪಾಲು ನೀರು ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ನೆಲ ಒಣಗುವವರೆಗೆ ಬೆಕ್ಕು ಹೊರಗಿರಲಿ. ಬ್ಲೀಚಿನ ಜೊತೆ ಆಸಿಡ್ ಅಥವಾ ಬೇರೆ ದ್ರಾವಣ ಬೆರೆಸಬೇಡಿ, ಹೊಗೆಯಿಂದ ನಿಮಗೇ ಉಸಿರು ಕಟ್ಟುತ್ತದೆ.

ಯಾವ ಲಸಿಕೆ, ಯಾವಾಗ?

ಒಂದು ಸೂಜಿಯಲ್ಲಿ ಮೂರು ರೋಗಕ್ಕೆ ರಕ್ಷಣೆ ಕೊಡುವ ಲಸಿಕೆಯಿದೆ: ಪ್ಯಾನ್‌ಲ್ಯೂಕೋಪೇನಿಯಾ, ಮತ್ತು ಬೆಕ್ಕಿಗೆ ನೆಗಡಿ ತರುವ ಹರ್ಪಿಸ್, ಕ್ಯಾಲಿಸಿ ವೈರಸ್. ಮರಿಗೆ ಆರರಿಂದ ಎಂಟು ವಾರ ತುಂಬಿದಾಗ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ 16 ವಾರದವರೆಗೆ ಹಾಕಿಸಬೇಕು. ಒಂದೇ ಸಲ ಹಾಕಿಸಿ ಕೈತೊಳೆದುಕೊಂಡರೆ ಪ್ರಯೋಜನವಿಲ್ಲ. ತಾಯಿಯ ಹಾಲಿನಿಂದ ಬಂದ ರಕ್ಷಣೆಯೇ ಲಸಿಕೆಗೆ ಅಡ್ಡ ಬರುವುದರಿಂದ ಮತ್ತೆ ಮತ್ತೆ ಹಾಕಬೇಕಾಗುತ್ತದೆ. ರೇಬಿಸ್ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ, ಒಂದು ವರ್ಷಕ್ಕೆ ಮತ್ತೊಂದು, ಮುಂದಿನವು ವೈದ್ಯರು ಹೇಳಿದಂತೆ.

ಸೀನುತ್ತಿದೆ, ಕಣ್ಣಲ್ಲಿ ಗೀಜು. ಬಾಮು ಹಚ್ಚಲೇ?

ಬಾಮು, ಕರ್ಪೂರ, ನೀಲಗಿರಿ ಎಣ್ಣೆ ಯಾವುದೂ ಬೇಡ, ನೆಕ್ಕಿಕೊಂಡು ಹೊಟ್ಟೆಗೆ ಹೋಗುತ್ತದೆ. ಇದು ಸಾಮಾನ್ಯವಾಗಿ ಹರ್ಪಿಸ್ ಅಥವಾ ಕ್ಯಾಲಿಸಿ ವೈರಸ್‌ನ ನೆಗಡಿ. ನಾಲಿಗೆಯ ಮೇಲೆ ಹುಣ್ಣಿದ್ದು ಜೊಲ್ಲು ಸುರಿಯುತ್ತಿದ್ದರೆ ಕ್ಯಾಲಿಸಿ ಎಂದು ಅನುಮಾನಿಸಬಹುದು. ನೆಗಡಿಗಿಂತ ದೊಡ್ಡ ತೊಂದರೆ ಊಟದ್ದು. ವಾಸನೆ ಹತ್ತದಿದ್ದರೆ ಬೆಕ್ಕು ತಿನ್ನುವುದಿಲ್ಲ. ಮೀನನ್ನು ಬೇಯಿಸಿ, ಬೆಚ್ಚಗಿರುವಾಗಲೇ ಮೂಗಿನ ಹತ್ತಿರ ಹಿಡಿಯಿರಿ. ಬಿಸಿನೀರು ಬಿಟ್ಟು ಆವಿ ತುಂಬಿದ ಬಚ್ಚಲಿನಲ್ಲಿ ಹತ್ತು ನಿಮಿಷ ಜೊತೆಗೆ ಕೂತುಕೊಳ್ಳಿ. ಕಾಯಿಸಿ ಆರಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ಕಣ್ಣು ಒರೆಸಿ. ನಿಮ್ಮ ಕಣ್ಣಿನ ಹನಿ ಮಾತ್ರ ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಹರ್ಪಿಸ್ ಹುಣ್ಣಾದ ಕಣ್ಣು ಇನ್ನಷ್ಟು ಕೆಡುತ್ತದೆ.

ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಹಾಲು-ರೊಟ್ಟಿಯಲ್ಲಿ ಬೆಕ್ಕು ಬದುಕುತ್ತದೆಯೇ?

ಬದುಕಿದಂತೆ ಕಾಣುತ್ತದೆ, ಏಕೆಂದರೆ ಅದು ಹಿತ್ತಿಲಲ್ಲಿ ಇಲಿ, ಹಲ್ಲಿ ಹಿಡಿದು ತಿಂದು ಬರುತ್ತದೆ. ಬಾಗಿಲು ಹಾಕಿ ಸಾಕುವ ಬೆಕ್ಕಿಗೆ ಆ ದಾರಿಯಿಲ್ಲ. ಟಾರಿನ್ ಎಂಬ ಅಂಶವನ್ನು ಬೆಕ್ಕು ತನ್ನ ಮೈಯಲ್ಲಿ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಅದು ಮಾಂಸ ಮತ್ತು ಮೀನಿನಿಂದಲೇ ಬರಬೇಕು. ತಿಂಗಳುಗಟ್ಟಲೆ ಸಿಗದಿದ್ದರೆ ಹೃದಯದ ಸ್ನಾಯು ಸಡಿಲವಾಗುತ್ತದೆ, ಕಣ್ಣಿನ ಅಕ್ಷಿಪಟ ಕೆಟ್ಟು ಕುರುಡಾಗುತ್ತದೆ. ಆ ಕುರುಡು ವಾಪಸು ಹೋಗುವುದಿಲ್ಲ. ರೊಟ್ಟಿಯಲ್ಲಿ ಟಾರಿನ್ ಇಲ್ಲವೇ ಇಲ್ಲ. ಹಾಲಿನಲ್ಲಿರುವುದು ಬೆಕ್ಕಿಗೆ ಸಾಲದು, ಮೇಲಾಗಿ ಬೆಳೆದ ಬಹುತೇಕ ಬೆಕ್ಕುಗಳಿಗೆ ಹಾಲು ಅರಗದೆ ಭೇದಿಯಾಗುತ್ತದೆ.

ಒಲೆಯ ಮೇಲೆ ಮಾಂಸ ಬೇಯಿಸುವುದು ನಿಮ್ಮ ಮನೆಯ ಪದ್ಧತಿಯಲ್ಲ ಎಂದರೆ ನಾನು ವಾದಿಸುವುದಿಲ್ಲ. ಬೆಕ್ಕಿಗೆಂದೇ ಮಾಡಿದ ಪೊಟ್ಟಣದ ಆಹಾರ ತನ್ನಿ. ಅದರಲ್ಲೂ ಮೀನು-ಮಾಂಸವಿದೆ, ಆದರೆ ನಿಮ್ಮ ಪಾತ್ರೆ ಮುಟ್ಟಬೇಕಾಗಿಲ್ಲ. ನಾಯಿಯ ಪೊಟ್ಟಣ ತರಬೇಡಿ, ಬೆಕ್ಕಿಗೆ ಬೇಕಾದಷ್ಟು ಟಾರಿನ್ ಅದರಲ್ಲಿ ಇರುವ ಖಾತ್ರಿಯಿಲ್ಲ. ಬೇಯಿಸುವವರು ಹಿನ್ನೀರಿನ ಮೀನನ್ನೋ ಕೋಳಿಯನ್ನೋ ಉಪ್ಪು-ಖಾರ ಹಾಕದೆ ಬೇಯಿಸಿ, ಆ ನೀರನ್ನೂ ಜೊತೆಗೆ ಕೊಡಿ. ಟಾರಿನ್ ನೀರಿಗೆ ಇಳಿದಿರುತ್ತದೆ. ಹಸಿ ಮೀನು, ಹಸಿ ಕೋಳಿ ಬೇಡ.

ಶೇಂಗಾ ಹಿಂಡಿ ಸವರಿದ ರೊಟ್ಟಿಚೂರು, ಒಗ್ಗರಣೆಯ ಸಾರಿನ ಅನ್ನ ಕೊಡುವವರು ಬಹಳ. ಹಿಂಡಿಯಲ್ಲಿ ಬೆಳ್ಳುಳ್ಳಿಯಿದೆ, ಸಾರಿನಲ್ಲಿ ಉಳ್ಳಾಗಡ್ಡಿಯಿದೆ. ಎರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಮನೆಯಲ್ಲಿ ಮಗ್ಗವಿದೆ. ಬೆಕ್ಕು ದಾರ ನುಂಗಿದೆ, ತುದಿ ಹೊರಗೆ ಕಾಣುತ್ತಿದೆ. ಎಳೆಯಲೇ?

ಎಳೆಯಬೇಡಿ. ಇಳಕಲ್, ಗುಳೇದಗುಡ್ಡ, ಬನಹಟ್ಟಿಯ ಕಡೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಹಿಂದಕ್ಕೆ ಬಾಗಿರುವುದರಿಂದ ರೇಷ್ಮೆ ಎಳೆಯೋ ಜರಿಯೋ ಒಮ್ಮೆ ಸಿಕ್ಕರೆ ಉಗುಳಲಾಗದೆ ನುಂಗುತ್ತಲೇ ಹೋಗುತ್ತದೆ. ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ತುದಿ ಕರುಳಿಗಿಳಿದರೆ, ಲಾಡಿ ಎಳೆದ ಲಂಗದಂತೆ ಕರುಳು ನೆರಿಗೆ ಕಟ್ಟುತ್ತದೆ. ನೀವು ಜಗ್ಗಿದರೆ ದಾರ ಕರುಳನ್ನು ಗರಗಸದಂತೆ ಕೊಯ್ಯುತ್ತದೆ. ಗುದದ್ವಾರದಲ್ಲಿ ದಾರ ಕಂಡರೂ ಇದೇ ಮಾತು. ವಾಂತಿ, ಊಟ ಬಿಡುವುದು, ಹೊಟ್ಟೆ ಮುಟ್ಟಿದರೆ ಮುದುಡುವುದು ಕಂಡರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಅದೇ ದಿನ ಹೊರಡಿ. ಕೆಲಸ ಮುಗಿದ ಮೇಲೆ ಚೂರು ಎಳೆಗಳನ್ನು ಗುಡಿಸಿ ಮುಚ್ಚಳದ ಡಬ್ಬಿಗೆ ಹಾಕಿ. ಹೊಲಿಗೆ ಯಂತ್ರದ ಸೂಜಿ-ದಾರಕ್ಕೂ ಇದೇ ನಿಯಮ.

ಮಲದಲ್ಲಿ ಅಕ್ಕಿಕಾಳಿನಂಥದ್ದು ಕಾಣುತ್ತದೆ. ಮೈತುಂಬ ಚಿಗಟವೂ ಇದೆ.

ಎರಡೂ ಒಂದೇ ಸರಪಳಿ. ಆ ಕಾಳುಗಳು ಲಾಡಿಹುಳುವಿನ ತುಂಡುಗಳು. ಹುಳುವಿನ ಮರಿ ಚಿಗಟದೊಳಗೆ ಇರುತ್ತದೆ, ಬೆಕ್ಕು ಮೈ ನೆಕ್ಕುವಾಗ ಚಿಗಟವನ್ನು ನುಂಗುತ್ತದೆ. ಜಂತಿನ ಔಷಧ ಕೊಟ್ಟು ಚಿಗಟ ಬಿಟ್ಟರೆ ತಿಂಗಳಲ್ಲಿ ಹುಳು ಮತ್ತೆ ಹಾಜರು. ಶಾವಿಗೆಯಂತೆ ಉದ್ದಗಿರುವುದು ದುಂಡುಹುಳು, ಮರಿಗೆ ತಾಯಿಯ ಹಾಲಿನಿಂದಲೇ ಬರುತ್ತದೆ. ಮೂರು ವಾರದ ಮರಿಯಿಂದ ಹಿಡಿದು ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ದೊಡ್ಡ ಬೆಕ್ಕಿಗೆ ಮೂರು ತಿಂಗಳಿಗೊಮ್ಮೆ ಔಷಧ ಕೊಡಿಸಿ.

ಚಿಗಟಕ್ಕೆ ಎಮ್ಮೆಯ ಉಣ್ಣಿಯ ಔಷಧ ಉಳಿದಿದೆ, ನಾಯಿಯ ಬೆನ್ನಿಗೆ ಬಿಡುವ ಹನಿ ಇದೆ ಎನ್ನುತ್ತಾರೆ. ಪರ್ಮೆಥ್ರಿನ್, ಸೈಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಎಂಬ ಹೆಸರು ಚೀಟಿಯಲ್ಲಿದ್ದರೆ ಅದನ್ನು ಬೆಕ್ಕಿನ ಹತ್ತಿರ ತರಬೇಡಿ. ಮೈ ನಡುಗಿ ಸೆಳವು ಬಂದು ಸಾಯುತ್ತದೆ. ಬೆಕ್ಕಿಗೆ ಬೇರೆಯೇ ಹನಿ ಔಷಧ ಸಿಗುತ್ತದೆ. ಅದು ಮಲಗುವ ಚಾದರವನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ.

ಮಗುವಿನ ಕೈಮೇಲೆ ದುಂಡನೆಯ ಕೆಂಪು ಗಾಯ. ಬೆಕ್ಕಿನಿಂದ ಬಂತೇ?

ಬಂದಿರಬಹುದು. ಹುಳುಕಡ್ಡಿ ಎನ್ನುತ್ತೇವೆ, ಆದರೆ ಹುಳುವಲ್ಲ, ಶಿಲೀಂಧ್ರ. ಬೆಕ್ಕಿನ ಕಿವಿ, ಮುಖ, ಮುಂಗಾಲಿನ ಮೇಲೆ ಕೂದಲು ಉದುರಿ ಬೂದಿ ಬಣ್ಣದ ಹೊಟ್ಟು ಕಾಣುತ್ತದೆ. ಮಗು ಮತ್ತು ಬೆಕ್ಕು ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು. ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಎರಡು ದಿನ ಮಾಯವಾಗಿ ಮತ್ತೆ ಹರಡುತ್ತದೆ. ಕಿವಿಯೊಳಗೆ ಕಾಫಿಪುಡಿಯಂಥ ಕಸ ತುಂಬಿ ಸದಾ ಕೆರೆದುಕೊಳ್ಳುತ್ತಿದ್ದರೆ ಅದು ಬೇರೆ, ಕಿವಿಯ ನುಸಿ. ಅದಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು ಕೂರಬೇಡಿ, ವೈದ್ಯರಿಗೆ ತೋರಿಸಿ.

ಮಗಳು ಬಾಣಂತನಕ್ಕೆ ಬರುತ್ತಾಳೆ. ಬೆಕ್ಕನ್ನು ಹೊಲಕ್ಕೆ ಬಿಟ್ಟು ಬರಬೇಕೇ?

ಬೀಗರು ಹೇಳಿರುತ್ತಾರೆ, ಗೊತ್ತು. ಅವರ ಹೆದರಿಕೆಗೆ ಆಧಾರವಿದೆ, ಪರಿಹಾರ ಮಾತ್ರ ತಪ್ಪು. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಗರ್ಭಿಣಿಗೆ ಹೊಸದಾಗಿ ತಗುಲಿದರೆ ಹೊಟ್ಟೆಯ ಮಗುವಿಗೆ ತೊಂದರೆ. ಆದರೆ ಬೆಕ್ಕು ಅದನ್ನು ಮಲದಲ್ಲಿ ಹೊರಹಾಕುವುದು ಸಾಮಾನ್ಯವಾಗಿ ಬದುಕಿನಲ್ಲಿ ಒಮ್ಮೆ, ಒಂದರಿಂದ ಮೂರು ವಾರ. ಮಲ ಬಿದ್ದು ಕನಿಷ್ಠ ಒಂದು ದಿನ ಕಳೆದ ಮೇಲೆಯೇ ಅದು ಸೋಂಕು ಹರಡುವ ಹಂತಕ್ಕೆ ಬರುತ್ತದೆ. ಹಾಗಾಗಿ ಉಸುಕಿನ ತಟ್ಟೆಯನ್ನು ದಿನವೂ, ಮಗಳಲ್ಲದೆ ಬೇರೆಯವರು ಸ್ವಚ್ಛ ಮಾಡಲಿ. ಅರೆಬೆಂದ ಮಾಂಸ, ತೊಳೆಯದ ಸೊಪ್ಪು, ಕೈತೋಟದ ಮಣ್ಣು ಇವುಗಳಿಂದಲೂ ಇದು ಬರುತ್ತದೆ, ಅವುಗಳ ಮೇಲೂ ಅಷ್ಟೇ ನಿಗಾ ಇರಲಿ. ಕೂದಲು ನುಂಗಿದರೆ ದಮ್ಮು ಬರುತ್ತದೆ ಎಂಬ ಮಾತೂ ಪೂರ್ತಿ ಸರಿಯಲ್ಲ. ಅಲರ್ಜಿ ಇರುವವರಿಗೆ ಬಾಧಿಸುವುದು ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿರುವ ಪ್ರೋಟೀನು.

ಬೆಕ್ಕು ಪರಚಿದೆ. ಚುಚ್ಚುಮದ್ದು ಬೇಕೇ?

ಬೇಕು. ರಕ್ತ ಬಂದಿರಲಿ, ಬರದಿರಲಿ, ಬೆಕ್ಕು ಪರಚಿದ್ದರೆ ಅಥವಾ ಕಚ್ಚಿದ್ದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ, 15 ನಿಮಿಷ ಎಂಬುದು ನೀವು ಅಂದುಕೊಂಡದ್ದಕ್ಕಿಂತ ಬಹಳ ಹೊತ್ತು. ಸುಣ್ಣ, ಅರಿಸಿನ, ಖಾರಪುಡಿ ಬೇಡ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ರೇಬಿಸ್ ಲಸಿಕೆ ಅಲ್ಲಿ ಸಿಗುತ್ತದೆ. ಬೆಕ್ಕಿನ ಮೇಲೆ ಹತ್ತು ದಿನ ಕಣ್ಣಿಡಬೇಕು ನಿಜ, ಆದರೆ ಲಸಿಕೆಯನ್ನು ಹತ್ತು ದಿನ ಮುಂದೂಡುವುದಲ್ಲ. ಲಕ್ಷಣ ಕಾಣಿಸಿಕೊಂಡ ರೇಬಿಸ್‌ಗೆ ಚಿಕಿತ್ಸೆಯಿಲ್ಲ.

ಬೇಸಿಗೆಯಲ್ಲಿ ಏನು ಎಚ್ಚರ?

ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನಾಯಿ ನಾಲಿಗೆ ಚಾಚಿ ತೇಕುವುದು ಸಹಜ, ಬೆಕ್ಕು ಬಾಯ್ತೆರೆದು ತೇಕಿದರೆ ಸಹಜವಲ್ಲ. ನೆರಳಿಗೆ ತಂದು ಒದ್ದೆ ಬಟ್ಟೆಯಿಂದ ಪಾದ, ಹೊಟ್ಟೆ ಒರೆಸಿ ಫ್ಯಾನ್ ಹಾಕಿ, ವೈದ್ಯರ ಬಳಿ ಹೊರಡಿ. ಮಂಜುಗಡ್ಡೆಯಲ್ಲಿ ಮುಳುಗಿಸಬೇಡಿ. ಬಿಳಿ ಬೆಕ್ಕಿನ ಕಿವಿತುದಿ ಬಿಸಿಲಿಗೆ ಕೆಂಪಾಗಿ, ವಾಸಿಯಾಗದ ಹಕ್ಕಳೆ ಕಟ್ಟಿದರೆ ನಿರ್ಲಕ್ಷಿಸಬೇಡಿ. ಅದು ಚರ್ಮದ ಕ್ಯಾನ್ಸರ್ ಆಗಿರಬಹುದು.

ಇಲಿ ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದರೆ?

ಕಪ್ಪುಪುಡಿಯ ಜಿಂಕ್ ಫಾಸ್ಫೈಡ್ ಹೊಟ್ಟೆಯಲ್ಲಿ ವಿಷಾನಿಲವಾಗುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಬಿಲ್ಲೆಯ ರೂಪದ ಬ್ರೊಮಾಡಿಯೊಲೋನ್ ತಿಂದರೆ ಕೆಲವು ದಿನದ ಮೇಲೆ ರಕ್ತಸ್ರಾವ ಆರಂಭವಾಗುತ್ತದೆ, ಅದಕ್ಕೆ ವಿಟಮಿನ್ ಕೆ1 ಮದ್ದಿದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಹಾಲನ್ನೂ ಕುಡಿಸಬೇಡಿ. ಪೊಟ್ಟಣ ಹಿಡಿದು ಓಡಿ.

ಹತ್ತು ವರ್ಷದ ಬೆಕ್ಕು ಈಗ ಬಹಳ ನೀರು ಕುಡಿಯುತ್ತದೆ. ಒಳ್ಳೆಯದಲ್ಲವೇ?

ಅಲ್ಲ. ಮೂತ್ರಪಿಂಡ ಸೋಲುತ್ತಿರಬಹುದು, ಸಕ್ಕರೆ ಕಾಯಿಲೆ ಇರಬಹುದು. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಏರಿ ಕಾಣುವ ಹೊತ್ತಿಗೆ ಮೂತ್ರಪಿಂಡದ ಸುಮಾರು ಮುಕ್ಕಾಲು ಭಾಗದ ಶಕ್ತಿ ಹೋಗಿರುತ್ತದೆ. ಏಳು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ.

ಸಂತಾನಹರಣ ಚಿಕಿತ್ಸೆ ಪಾಪವಲ್ಲವೇ?

ವರ್ಷಕ್ಕೆ ಎರಡು ಮೂರು ಸೂಲು ಹಾಕಿ, ಆ ಮರಿಗಳನ್ನು ಚೀಲದಲ್ಲಿ ಕಟ್ಟಿ ಸಂತೆಯ ಬಯಲಿಗೆ ಬಿಟ್ಟು ಬರುವುದರ ಲೆಕ್ಕವನ್ನು ನೀವೇ ಹಾಕಿಕೊಳ್ಳಿ. ಹೆಣ್ಣು ಬೆಕ್ಕಿಗೆ ಮೊದಲ ಬೆದೆಗೆ ಮುನ್ನ ಮಾಡಿಸಿದರೆ ಸ್ತನದ ಗಡ್ಡೆಯ ಸಂಭವ ಬಹಳ ಇಳಿಯುತ್ತದೆ, ಗರ್ಭಕೋಶದಲ್ಲಿ ಕೀವು ತುಂಬುವ ಭಯವೂ ಇಲ್ಲ. ಗಂಡು ಬೆಕ್ಕು ಬೀದಿ ಕಾಳಗ ಬಿಟ್ಟರೆ ಕಚ್ಚಿದ ಗಾಯದಿಂದ ಹರಡುವ ಎಫ್.ಐ.ವಿ. (ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ವೈರಸ್) ಸೋಂಕಿನ ಅಪಾಯವೂ ಕಡಿಮೆ.

ವೈದ್ಯರ ಬಳಿ ಒಯ್ಯುವುದು ಹೇಗೆ? ಕೈಗೇ ಸಿಗುವುದಿಲ್ಲ.

ಬೈಕಿನ ಮೇಲೆ ಮಡಿಲಲ್ಲಿ ಹಿಡಿದು ಒಯ್ಯಬೇಡಿ. ಲಾರಿಯ ಹಾರ್ನಿಗೆ ಬೆಚ್ಚಿ ಜಿಗಿದರೆ ಮತ್ತೆ ಸಿಗುವುದಿಲ್ಲ. ಮುಚ್ಚಳವಿರುವ ಬುಟ್ಟಿಯನ್ನೋ ತೂತಿರುವ ಪ್ಲಾಸ್ಟಿಕ್ ಪೆಟ್ಟಿಗೆಯನ್ನೋ ವಾರ ಮೊದಲೇ ಮನೆಯೊಳಗೆ ತೆರೆದಿಡಿ, ಒಳಗೆ ಅದರದೇ ಚಾದರ ಹಾಸಿ, ತಾನಾಗಿ ಹೋಗಿ ಮಲಗಲಿ. ಹೊರಡುವಾಗ ಮೇಲೊಂದು ಟವಲು ಹೊದಿಸಿ. ಪಶು ಆಸ್ಪತ್ರೆಯಲ್ಲಿ ಎತ್ತು, ಎಮ್ಮೆ, ನಾಯಿಗಳ ನಡುವೆ ಬುಟ್ಟಿಯನ್ನು ನೆಲದ ಮೇಲಿಡದೆ ತೊಡೆಯ ಮೇಲಿಟ್ಟುಕೊಳ್ಳಿ. 1962 ಸಹಾಯವಾಣಿ ಮುಖ್ಯವಾಗಿ ಜಾನುವಾರುಗಳಿಗಾಗಿ ಇದೆ. ಬೆಕ್ಕಿಗೆ ಆಂಬುಲೆನ್ಸ್ ಬರುತ್ತದೆಂದು ಕಾಯುತ್ತ ಕೂರಬೇಡಿ, ಹತ್ತಿರದ ವೈದ್ಯರ ಸಂಖ್ಯೆಯನ್ನು ಇವತ್ತೇ ಮೊಬೈಲಿಗೆ ಸೇರಿಸಿಕೊಳ್ಳಿ.

ಕೆಮ್ಮು, ನಡುಕ, ಕುಂಟು ಏನಿದ್ದರೂ ಮನೆಯಲ್ಲೇ ವಿಡಿಯೋ ಮಾಡಿಕೊಳ್ಳಿ. ಮೇಜಿನ ಮೇಲೆ ನಿಂತ ಕೂಡಲೇ ಬೆಕ್ಕು ಏನೂ ಆಗಿಲ್ಲವೆಂಬಂತೆ ನಟಿಸುತ್ತದೆ. ಕೊನೆಯ ಬಾರಿ ಯಾವಾಗ ತಿಂದಿತು, ಯಾವಾಗ ಮೂತ್ರ ಮಾಡಿತು, ನೀವು ಯಾವ ಗುಳಿಗೆ ಕೊಟ್ಟಿರಿ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ವೈದ್ಯರು ಮೊದಲು ಕೇಳುವುದು ಇವನ್ನೇ.